ಐದನೇ ತಿಂಗಳು, ದವಡೆ ಹಲ್ಲು ನೋವು, ಹೆರಿಗೆ ಆಗೋವರ್ಗೂ ಬೇಡ ಅಂತಾರೆ ಅತ್ತೆ, ನಂಗೂ ಭಯ. ಹಲ್ಲು ಡಾಕ್ಟ್ರ ಹತ್ರ ಹೋಗ್ಬೋದಾ?

ಹೋಗ್ಬೋದು ಅಲ್ಲ, ಹೋಗಿ. ಐದನೇ ತಿಂಗಳು ಒಳ್ಳೇ ಟೈಮೇ, ವಾಂತಿ ಕಮ್ಮಿ ಆಗಿರುತ್ತೆ, ಆ ಕುರ್ಚೀಲಿ ಒರಗಕ್ಕೆ ಆಗದಷ್ಟು ಹೊಟ್ಟೆನೂ ಬಂದಿರಲ್ಲ.

ಮೊದಲ್ನೇ ಬಸುರಲ್ಲಿ ನಂಗೂ ಹಲ್ಲು ನೋವು ಬಂದಿತ್ತು, ನಾನು ಹೋಗ್ಲಿಲ್ಲ. ನಮ್ಮನೇಲಿ ಯಾರೂ ಬೇಡ ಅನ್ಲಿಲ್ಲ ನೋಡಿ, ಎಲ್ರೂ "ಆಮೇಲೆ" ಅಂದ್ರು ಅಷ್ಟೇ. ಸೀಮಂತ ಮುಗೀಲಿ, ಹೆರಿಗೆ ಆಗ್ಲಿ, ಆಮೇಲೆ ತವರಲ್ಲಿ ಬಾಣಂತನ, ಬಾಣಂತಿ ತಣ್ಣೀರು ಬಾಯಿಗೆ ಹಾಕ್ಬಾರ್ದು ಗಟ್ಟಿ ಕಡೀಬಾರ್ದು ಅಂತ ಅಜ್ಜಿ ಕಾವಲು, ಆಮೇಲೆ ಮಗು ಹಾಲು ಬಿಡ್ಲಿ ಅಂತ, ಹಿಂಗೇ ಎರಡು ವರ್ಷ. ಹತ್ತೀಲಿ ಲವಂಗದ ಎಣ್ಣೆ ಅದ್ದಿ ಇಟ್ಕೊಂಡು ಇಟ್ಕೊಂಡು ಒಸಡು ಸುಟ್ಟು ಬೆಳ್ಳಗಾಗಿತ್ತು. ಕೊನೆಗೆ ಹಲ್ಲೇ ಕೀಳಿಸಿದ್ದು. ಅದಕ್ಕೂ ಅತ್ತೆ "ಮಗು ಕ್ಯಾಲ್ಸಿಯಂ ಎಳ್ಕೊಂಡ್ಬಿಡ್ತು" ಅಂದ್ರು! ಮಗು ಹಲ್ಲಿಂದ ಕ್ಯಾಲ್ಸಿಯಂ ತಗೊಳಲ್ಲ ರೀ. ಹಾರ್ಮೋನ್ ಏರಿ ಒಸಡು ಊದಿ ರಕ್ತ ಬರುತ್ತೆ, ವಾಂತಿ ಹುಳಿ ಹಲ್ಲು ತಿನ್ನುತ್ತೆ, ವಾಕರಿಕೆ ಅಂತ ಬ್ರಷ್ ಬಿಡ್ತೀವಿ, ಗಂಟೆಗೊಂದ್ಸಲ ಬಿಸ್ಕೆಟ್ ಬೇರೆ.

ನಿಜ ಹೇಳ್ಬೇಕಂದ್ರೆ ನಂಗೆ ಸೂಜಿ ಭಯ ಅಷ್ಟಿರ್ಲಿಲ್ಲ. ನಾಳೆ ಮಗುಗೆ ಏನಾದ್ರೂ ಆದ್ರೆ, ಹಲ್ಲಿಗೂ ಅದಕ್ಕೂ ಸಂಬಂಧ ಇರ್ಲಿ ಬಿಡ್ಲಿ, "ಹೇಳಿದ್ ಕೇಳ್ದೆ ಹೋದ್ಲು" ಅನ್ನೋ ಮಾತು ಜನ್ಮಪೂರ್ತಿ ನನ್ ತಲೆ ಮೇಲೆ. ಆ ಭಯ. ಹಂಗಂತ ಅತ್ತೇನ ಬೈಯಕ್ಕೂ ಆಗಲ್ಲ, ಅವ್ರು ಕಂಡಿದ್ದ ಹಲ್ಲು ಡಾಕ್ಟ್ರು ಕೀಳೋ ಡಾಕ್ಟ್ರು ಮಾತ್ರ.

ಎರಡನೇ ಬಸುರಲ್ಲಿ ಇನ್ನೊಂದು ಹಲ್ಲು ಶುರುವಾದಾಗ ಐದೂವರೆ ತಿಂಗಳಿಗೇ ರೂಟ್ ಕೆನಾಲ್ ಮಾಡಿಸ್ದೆ. ಒಂದೇ ಎಕ್ಸ್‌ರೇ, ಅದೂ ಮೈಮೇಲೆ ಭಾರದ ಸೀಸದ ಏಪ್ರನ್ ಹೊದಿಸಿ. ಜೋಮು ಹಿಡಿಸಕ್ಕೆ ಲಿಗ್ನೋಕೇನ್, ಬಸುರೀರಿಗೂ ಕೊಡೋದೇ ಅದು. ಅಂಗಾತ ಮಲಗಿದ್ರೆ ಹೊಟ್ಟೆ ಭಾರಕ್ಕೆ ರಕ್ತನಾಳ ಒತ್ತಿ ತಲೆ ಸುತ್ತುತ್ತೆ ಅಂತ ಬಲಗಡೆ ಸೊಂಟದ ಕೆಳಗೆ ಟವೆಲ್ ಸುತ್ತಿಟ್ಟು ಎಡಕ್ಕೆ ವಾಲಿಸಿದ್ರು. ನೋವಿಗೆ ಪ್ಯಾರಾಸಿಟಮಾಲ್ ಅಷ್ಟೇ. ನೀವಾಗೇ ಮೆಡಿಕಲ್‌ನಲ್ಲಿ ಐಬುಪ್ರೊಫೇನ್ ತಗೊಂಡು ನುಂಗ್ಬೇಡಿ, ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಅಂತೂ ಬೇಡ್ವೇ ಬೇಡ, ಹುಟ್ಟೋ ಮಗು ಹಲ್ಲಿಗೆ ಕಲೆ ಕೂರುತ್ತೆ. ವಾಂತಿ ಆದ್ ತಕ್ಷಣ ಬ್ರಷ್ ಮಾಡ್ಬೇಡಿ, ನೀರಿಗೆ ಚೂರು ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಆಮೇಲೆ, ಚೆಕಪ್‌ಗೆ ಹೋದಾಗ ಹೆರಿಗೆ ಡಾಕ್ಟ್ರ ಹತ್ರ "ಹಲ್ಲಿನ ಟ್ರೀಟ್‌ಮೆಂಟ್ ಮಾಡಿಸ್ಬೋದು" ಅಂತ ಒಂದು ಚೀಟಿ ಬರೆಸ್ಕೊಳಿ, ಆಗೋದಾದ್ರೆ ಅತ್ತೇನೂ ಜೊತೇಲಿ ಕೂರಿಸ್ಕೊಂಡು. ಹಲ್ಲು ಡಾಕ್ಟ್ರಿಗಿಂತ ಮನೇಲಿ ತೋರ್ಸಕ್ಕೆ ಅದು ಬೇಕಾಗುತ್ತೆ.