ಬಸ್ಸಿನಲ್ಲಿ ಜೀವ ಇದ್ದವರು ಕಥೆಯಲ್ಲಿ ಯಾಕೆ ಗೊಂಬೆಯಾಗುತ್ತಾರೆ?

ಪ್ರಶ್ನೆ: ಎರಡು ವರ್ಷದಿಂದ ಸಣ್ಣಕಥೆ ಬರೆಯುತ್ತಿದ್ದೇನೆ. ಓದಿದವರೆಲ್ಲ ಹೇಳುವುದು ಒಂದೇ, "ನಿನ್ನ ಪಾತ್ರಗಳೆಲ್ಲ ನಿನ್ನ ಹಾಗೇ ಮಾತಾಡುತ್ತವೆ" ಅಂತ. ಅದಕ್ಕೇ ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಕಾಯುವಾಗ ಸುತ್ತಲಿನವರ ಬಟ್ಟೆ, ಮುಖ, ನಡಿಗೆ ಎಲ್ಲ ಬರೆದುಕೊಳ್ಳುತ್ತೇನೆ. ಮೂರು ನೋಟ್‌ಬುಕ್ ತುಂಬಿವೆ. ಕಥೆಗೆ ತಂದರೆ ಮಾತ್ರ ಜೀವ ಇರುವುದಿಲ್ಲ. ಮತ್ತೆ, ಹೀಗೆ ಬೇರೆಯವರ ಮಾತು ಕದ್ದು ಕೇಳುವುದು ತಪ್ಪಲ್ವಾ?

ಉತ್ತರ: ನಿಮ್ಮ ಮೂರು ನೋಟ್‌ಬುಕ್ಕಿನಲ್ಲೂ ಇರುವುದು ಕಾಣೆಯಾದವರ ಪ್ರಕಟಣೆ. ಎತ್ತರ ಇಷ್ಟು, ನೀಲಿ ಶರ್ಟು, ಎಡಗೆನ್ನೆ ಮೇಲೆ ಮಚ್ಚೆ. ಇದರಿಂದ ಆಳನ್ನು ಗುರುತು ಹಿಡಿಯಬಹುದು, ಆದರೆ ಎಂಥವನು ಅಂತ ಗೊತ್ತಾಗುವುದಿಲ್ಲ.

ಆಸ್ಪತ್ರೆ ಅಂದಿರಲ್ಲ, ಅಲ್ಲೇ ನೋಡಿ. ಸರದಿ ತಪ್ಪಿಸಿ ಯಾರನ್ನೋ ಒಳಗೆ ಬಿಟ್ಟರು ಅಂತಿಟ್ಟುಕೊಳ್ಳಿ. ಒಬ್ಬರು ಎದ್ದು ಹೋಗಿ ಜಗಳ ತೆಗೆಯುತ್ತಾರೆ. ಇನ್ನೊಬ್ಬರು ಪಕ್ಕದವರಿಗೆ ಕೇಳಿಸುವಷ್ಟೇ ಗೊಣಗುತ್ತಾರೆ, ನರ್ಸ್ ಈ ಕಡೆ ತಿರುಗಿದ ಕೂಡಲೇ ನಗುತ್ತಾರೆ. ಮೂರನೆಯವರು ಜೇಬಿನಿಂದ ಚೀಟಿ ತೆಗೆದು ತಮ್ಮ ನಂಬರನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತಾರೆ, ತಪ್ಪು ತಮ್ಮದೇ ಇರಬೇಕು ಅನ್ನೋ ಹಾಗೆ. ಆ ಮೂರನೆಯವರ ಶರ್ಟಿನ ಬಣ್ಣ ನನಗೆ ಬೇಡ. ಆ ಚೀಟಿ ಸಾಕು. ಸುಮ್ನೆ ಕೂತವರನ್ನು ಜಾಸ್ತಿ ಬರೆದುಕೊಳ್ಳಬೇಡಿ. ಏನೋ ಎಡವಟ್ಟಾದಾಗ, ಏನೋ ಬೇಕಾಗಿದ್ದೂ ಬಾಯಿಬಿಟ್ಟು ಕೇಳಲು ಆಗದೆ ಒದ್ದಾಡುವಾಗ ಏನು ಮಾಡಿದರು ಅನ್ನೋದನ್ನು ಬರೆದುಕೊಳ್ಳಿ.

ಕೇಳುವುದರಲ್ಲೂ ಅಷ್ಟೇ. ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಅನ್ನೋದರ ಮೇಲೆ ಕಿವಿಯಿಡಿ. "ಮಗ ಫೋನ್ ಮಾಡಿದ್ನಾ?" ಅಂತ ಒಬ್ಬರು ಕೇಳಿದರೆ, "ಮಳೆ ಬರೋ ಹಾಗಿದೆ, ಬಟ್ಟೆ ಒಳಗೆ ತರಬೇಕು" ಅಂತ ಇನ್ನೊಬ್ಬರು ಎದ್ದು ಹೋಗುತ್ತಾರೆ. ನಿಮ್ಮ ಪಾತ್ರಗಳು ಕೇಳಿದ್ದಕ್ಕೆಲ್ಲ ಪರೀಕ್ಷೆ ಬರೆದ ಹಾಗೆ ಪೂರ್ತಿ ಉತ್ತರ ಕೊಡುತ್ತಿರಬೇಕು, ನನ್ನ ಅನುಮಾನ ಅದು.

ತಡವಾಗಿ ಬಂದ ಉತ್ತರಾನೂ ಗಮನಿಸಿ. ಬೇರೆ ಬೇರೆ ಕಡೆಯ 10 ಭಾಷೆಗಳ ಮಾತುಕತೆ ಹೋಲಿಸಿದ ಒಂದು ಅಧ್ಯಯನ 2009ರಲ್ಲಿ ಬಂತು. ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಹೌದು ಅನ್ನುವವರು ಬೇಗ ಅನ್ನುತ್ತಾರೆ, ಇಲ್ಲ ಅನ್ನುವುದು ತಡವಾಗುತ್ತದೆ. ಹಾಗಾಗಿ "ಬರ್ತೀಯಾ?" ಅಂದ ಮೇಲೆ ಆ ಕಡೆಯವರು ಲೋಟ ಎತ್ತಿ ಇಟ್ಟು ಆಮೇಲೆ "ಹ್ಞೂಂ" ಅಂದರೆ, ಅವರು ಬರುವುದಿಲ್ಲ ಅಂತ ಓದುವವರಿಗೆ ಆಗಲೇ ಗೊತ್ತಾಗಿರುತ್ತದೆ.

ಇನ್ನು ಎಲ್ಲರೂ ನಿಮ್ಮ ಹಾಗೇ ಮಾತಾಡುವ ವಿಷಯ. ಒಬ್ಬರು ಪ್ರತಿ ಮಾತಿನ ಕೊನೆಗೂ "ಅಲ್ವಾ" ಅಂತ ಒಪ್ಪಿಗೆ ಬೇಡುತ್ತಾರೆ. ಒಬ್ಬರು "ನಾನೇನೂ ಹೇಳಲ್ಲಪ್ಪ" ಅಂತ ಶುರುಮಾಡಿ ಅರ್ಧ ಗಂಟೆ ಹೇಳುತ್ತಾರೆ. "ನೀನು" ಅನ್ನುತ್ತಿದ್ದವರು ಸಿಟ್ಟು ಬಂದ ದಿನ "ನೀವು" ಅಂದರೆ ಮನೆಯಲ್ಲಿ ಎಲ್ಲರಿಗೂ ದಿಗಿಲು. ಇಂಥದ್ದು ಒಬ್ಬರಿಗೆ ಒಂದೇ ಸಾಕು. ಸಾಲು ಸಾಲಿಗೂ ತಂದರೆ ಮಿಮಿಕ್ರಿ ಆಗುತ್ತದೆ. ಕೇಳಿದ್ದನ್ನೆಲ್ಲ ಇದ್ದ ಹಾಗೇ ಇಳಿಸಲೂ ಹೋಗಬೇಡಿ. ಮಾತುಕತೆಯನ್ನು ಅಧ್ಯಯನ ಮಾಡುವವರು ಗೇಲ್ ಜೆಫರ್ಸನ್ ಅನ್ನೋ ಸಂಶೋಧಕಿ ರೂಪಿಸಿದ ಪದ್ಧತಿಯಲ್ಲಿ ಉಸಿರು, ತೊದಲು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಎಲ್ಲಕ್ಕೂ ಗುರುತು ಹಾಕುತ್ತಾರೆ. ಅವರ ಕೆಲಸಕ್ಕೆ ಅದು ಬೇಕು. ಕಥೆಯಲ್ಲಿ ಹಾಗೆ ಬರೆದರೆ ಅರ್ಧ ಪುಟಕ್ಕೇ ಓದುಗರು ಎದ್ದು ಹೋಗುತ್ತಾರೆ.

ಕದ್ದು ಕೇಳುವುದು ತಪ್ಪಾ ಅಂದಿರಿ. ಬಸ್ಸಿನಲ್ಲಿ ಜೋರಾಗಿ ಆಡಿದ ಮಾತು ಕಿವಿಗೆ ಬಿದ್ದರೆ ತಪ್ಪೇನಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಡಿ, ನಂಬಿ ಹೇಳಿದ ಗುಟ್ಟನ್ನು ಕಥೆ ಮಾಡಬೇಡಿ. ಒಬ್ಬರಿಂದ ಒಂದು ಅಭ್ಯಾಸ ತೆಗೆದುಕೊಂಡು ಇನ್ನೊಬ್ಬರ ಕೆಲಸ, ಮತ್ತೊಬ್ಬರ ವಯಸ್ಸಿನ ಜೊತೆ ಸೇರಿಸಿ. ನನ್ನ ಒಂದು ಕಥೆ ಓದಿ ಇಬ್ಬರು ಪರಿಚಯದವರು "ಇದು ನಾನೇ" ಅಂತ ಮುನಿಸಿಕೊಂಡಿದ್ದರು. ನಿಜವಾಗಿ ಯಾರನ್ನು ನೋಡಿ ಬರೆದಿದ್ದೆನೋ, ಅವರು ಮಾತ್ರ ಪೂರ್ತಿ ಓದಿ "ಇಂಥ ಜನಾನೂ ಇರ್ತಾರಾ!" ಅಂದರು.