‘ಬರೀ ಸಂಕೇತ’ ಅಂದುಬಿಡಬೇಡಿ

ನಮಸ್ಕಾರ.

ಕ್ರೈಸ್ತರ ದೀಕ್ಷಾಸ್ನಾನ (ನೀರಿನಿಂದ ಕೊಡುವ ದೀಕ್ಷೆ) ಮತ್ತು ಪರಮಪ್ರಸಾದದ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಅರ್ಥ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿದರೆ ಚೆನ್ನಾಗಿ ಬರುತ್ತದೆ.

ದೀಕ್ಷಾಸ್ನಾನವನ್ನು ‘ಕ್ರೈಸ್ತರ ನಾಮಕರಣ’ ಎಂದಿದ್ದೀರಿ. ಬೇರೆಯವರಿಗೂ ಸುಲಭವಾಗಿ ತಿಳಿಯಲಿ ಅಂತ ಹಾಗೆ ಬರೆದಿರಬೇಕು. ಆದರೆ ಅಲ್ಲಿ ಹೆಸರಿಡುವುದು ಮುಖ್ಯವಲ್ಲ. ಬೈಬಲಿನಲ್ಲಿ ಪೌಲನು ರೋಮಿನವರಿಗೆ ಬರೆದ ಪತ್ರದ 6ನೇ ಅಧ್ಯಾಯ ತೆಗೆದು ನೋಡಿ. ಕ್ರಿಸ್ತನ ಜೊತೆ ಸತ್ತು, ಹೂಳಿಸಿಕೊಂಡು, ಹೊಸ ಬದುಕಿಗೆ ಏಳುವುದು ಎನ್ನುತ್ತಾನೆ ಅವನು. ಇಷ್ಟು ದೊಡ್ಡ ಮಾತಾದ್ದರಿಂದಲೇ, ಏನೂ ಅರಿಯದ ಕೂಸಿಗೆ ಇದನ್ನು ಕೊಡಬಹುದಾ ಎಂಬ ಜಗಳ ಹುಟ್ಟಿತು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು, ತಾವಾಗಿ ನಂಬಿ ಪಡೆದದ್ದೇ ನಿಜವಾದ ಸ್ನಾನ ಎಂದು ದೊಡ್ಡವರಾದ ಮೇಲೆ ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಇದೇ ಕಾರಣಕ್ಕೆ 1527ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರಿಗಾಗಿ ನೀರಲ್ಲೇ ಸತ್ತ ಮನುಷ್ಯ. ಇವತ್ತಿಗೂ ಬ್ಯಾಪ್ಟಿಸ್ಟರು, ಪೆಂತೆಕೋಸ್ತ್ ಸಭೆಯವರು ಮಗು ಬೆಳೆದು ತಾನೇ ಕೇಳಲಿ ಎಂದು ಕಾಯುತ್ತಾರೆ. ಕಥೋಲಿಕರು, ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆ) ಕೂಸಿಗೇ ಕೊಡುತ್ತಾರೆ. ನಾವು ಕೇಳುವ ಮೊದಲೇ ದೇವರ ಕೃಪೆ ಬರುತ್ತದಲ್ವಾ, ಅದು ಅವರ ಉತ್ತರ. ಎರಡೂ ಕಡೆಯವರ ಮಾತು ನಿಮ್ಮ ಲೇಖನದಲ್ಲಿ ಬರಬೇಕು.

ಇನ್ನು ಪ್ರಸಾದದ ಭಾಗ. ‘ಪರಮಪ್ರಸಾದ’, ‘ಕರ್ತನ ಭೋಜನ’ ಎರಡನ್ನೂ ಮನಸ್ಸಿಗೆ ಬಂದ ಕಡೆ ಬಳಸಿದ್ದೀರಿ. ಮೊದಲನೆಯದು ಕಥೋಲಿಕರ ಮಾತು, ಎರಡನೆಯದು ಪ್ರೊಟೆಸ್ಟೆಂಟರದು. ಆಮೇಲೆ ‘ಇದು ಬರೀ ಸಂಕೇತ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾರಿಗೆ ಸಂಕೇತ? 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ಈ ಪ್ರಶ್ನೆಗಾಗಿ ಎದುರುಬದುರು ಕೂತರು. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ, ರೊಟ್ಟಿ ಕೊಡುತ್ತಾ ಕ್ರಿಸ್ತ ಹೇಳಿದ ‘ಇದು ನನ್ನ ದೇಹ’ ಎಂಬ ಮಾತನ್ನು ಬರೆದಿಟ್ಟುಕೊಂಡ. ‘ನನ್ನ ದೇಹವನ್ನು ಸೂಚಿಸುತ್ತದೆ’ ಎಂದೇ ಅದರ ಅರ್ಥ ಅಂತ ಜ್ವಿಂಗ್ಲಿ ಹಟ ಹಿಡಿದ. 15 ವಿಷಯಗಳಲ್ಲಿ 14ಕ್ಕೆ ಒಪ್ಪಿದ ಜನ ಈ ಒಂದರಲ್ಲಿ ಪೂರ್ತಿ ಒಂದಾಗದೆ ಎದ್ದುಹೋದರು. ಕಥೋಲಿಕರಿಗಂತೂ ಗುರುಗಳು ಪ್ರಾರ್ಥಿಸಿದ ಮೇಲೆ ಅದು ರೊಟ್ಟಿಯೇ ಅಲ್ಲ, ಕ್ರಿಸ್ತನ ದೇಹ. ಅದಕ್ಕೇ ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು, ಹತ್ತಿರ ದೀಪ ಉರಿಸುತ್ತಾರೆ.

ನಿಮ್ಮ ಎರಡನೇ ಪುಟದಲ್ಲಿ ಒಂದು ಸಾಲಿದೆ: ‘ಪ್ರಸಾದ ತಗೊಂಡು ಬಂದು ಅಜ್ಜಿ ಮೊಣಕಾಲೂರಿದರೆ, ಏಳುವ ತನಕ ನಾವ್ಯಾರೂ ಮಾತಾಡಿಸುತ್ತಿರಲಿಲ್ಲ.’ ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೊಂದೇ. ಆ ಅಜ್ಜಿಯ ಮುಂದೆ ‘ಬರೀ ಸಂಕೇತ’ ಎನ್ನಲು ನಿಮಗೆ ಬಾಯಿ ಬರುತ್ತಿತ್ತಾ?

ಆ ಸಾಲನ್ನು ಮೊದಲಿಗೆ ತನ್ನಿ. ಎಲ್ಲ ಧರ್ಮಗಳ ಸಾರ ಒಂದೇ ಎನ್ನುವ ಕೊನೆಯ ಎರಡು ಪ್ಯಾರಾ ತೆಗೆದುಬಿಡಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ