ಅಜ್ಜಿಯ ಬಗ್ಗೆ ಬರೆಯಲು ಏನಿದೆ?

ಸಾಗರ ತಾಲ್ಲೂಕಿನವರು, ಈಗ ಬೆಂಗಳೂರಿನಲ್ಲಿರುವ ಓದುಗರೊಬ್ಬರ ಪತ್ರದಿಂದ: “ನಿಮ್ಮ ನುಡಿನಮನದ ಪುಟದಲ್ಲಿ ಬರೀ ಸಾಹಿತಿಗಳು, ನಟರು, ರಾಜಕಾರಣಿಗಳು. ಮೊನ್ನೆ ತೀರಿಕೊಂಡ ನಮ್ಮಜ್ಜಿಗೆ ತೊಂಬತ್ತು ದಾಟಿತ್ತು. ಆರು ಮಕ್ಕಳನ್ನು ಹೆತ್ತರು, ಮೊಮ್ಮಕ್ಕಳನ್ನೂ ಅವರೇ ಸಾಕಿದರು. ಶಾಲೆಗೆ ಹೋದವರಲ್ಲ, ಹೇಳಿಕೊಳ್ಳುವ ಸಾಧನೆ ಏನೂ ಇಲ್ಲ. ಇಂಥವರಿಗೆ ನಿಮ್ಮಲ್ಲಿ ಜಾಗವಿಲ್ಲವೇ? ಬರಹವೊಂದನ್ನು ಜೊತೆಗಿಟ್ಟಿದ್ದೇನೆ.”

ಸಂಪಾದಕರ ಉತ್ತರ:

ಜಾಗ ಖಂಡಿತ ಇದೆ. ಆದರೆ ನೀವು ಕಳಿಸಿದ ಬರಹಕ್ಕಲ್ಲ, ಅದರ ಜೊತೆಗಿದ್ದ ಪತ್ರಕ್ಕೆ. ಬರಹದಲ್ಲಿ ನಿಮ್ಮಜ್ಜಿ ತ್ಯಾಗಮಯಿ, ಮಮತೆಯ ಕಡಲು, ಸಹನೆಯಲ್ಲಿ ಭೂಮಿತಾಯಿ. ಎರಡು ಪುಟ ಓದಿ ಮುಗಿಸಿದರೂ ಅವರಿಗೆ ಯಾರ ಮೇಲೆ ಸಿಟ್ಟು ಬರುತ್ತಿತ್ತು, ಯಾವ ಸಾರು ಸೇರುತ್ತಿರಲಿಲ್ಲ ಎಂಬುದು ತಿಳಿಯಲಿಲ್ಲ. ಯಾರ ಅಜ್ಜಿಗೆ ಬೇಕಾದರೂ ಹೊಂದುವ ಬರಹ ಅದು. ಪತ್ರದಲ್ಲಿ ಮಾತ್ರ ನೀವು ಮೈಮರೆತು ನಾಲ್ಕು ಮಾತು ಆಡಿದ್ದೀರಿ. ಅಲ್ಲಿ ಅವರು ಕಂಡರು.

ಹುಟ್ಟಿದ ತಾರೀಖು ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದೆ ಎಂದು ಸಂಕೋಚದಿಂದ ಬರೆದಿದ್ದೀರಿ. ಸಂಕೋಚವೇಕೆ? ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. “ಕಾಗೋಡು ಗಲಾಟೆ ಆದಾಗ ದೊಡ್ಡವನು ಹೊಟ್ಟೇಲಿದ್ದ” ಎನ್ನುತ್ತಿದ್ದರಂತಲ್ಲ, ಅದಕ್ಕಿಂತ ಒಳ್ಳೆಯ ದಾಖಲೆ ಬೇಕೇ? ಅದು 1951. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ವಿಷಯಕ್ಕೆ ಒಕ್ಕಲುಗಳು ಒಡೆಯರ ಎದುರು ನಿಂತ ವರ್ಷ. ರೈತ ನಾಯಕ ಗಣಪತಿಯಪ್ಪನವರು ಮುಂದೆ ನಿಂತದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಚರಿತ್ರೆಯಲ್ಲಿದೆ. ಗಂಡಸರು ಜೈಲಿನಲ್ಲಿದ್ದಾಗ ಬಸುರಿ ಹೆಂಗಸರಿದ್ದ ಮನೆಗಳಿಗೆ ಅಕ್ಕಿ ಎಲ್ಲಿಂದ ಬಂತು ಎಂಬುದನ್ನು ಬರೆದವರು ಕಡಿಮೆ. ನಿಮ್ಮಜ್ಜಿಗೆ ಗೊತ್ತಿತ್ತು. ಅವರ ತಂಗಿ ಇನ್ನೂ ಇದ್ದಾರೆ ಎಂದಿದ್ದೀರಿ. ಈ ವಾರವೇ ಹೋಗಿ ಕೇಳಿ. ಫೋನಿನಲ್ಲಿ ಬೇಡ, ಹತ್ತಿರ ಕೂತು ಕೇಳಿ.

ಇನ್ನೊಂದು ಮಾತು. ನಮ್ಮ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ದೇಶದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಇಂಥವರ ಹೆಂಡತಿ, ಇಂಥವರ ಮಗಳು ಎಂದು ಹೇಳಿದರೇ ಹೊರತು ಸ್ವಂತ ಹೆಸರು ಹೇಳಲಿಲ್ಲ. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು, ನಿಜ. ಆದರೆ ನಿಮ್ಮ ಎರಡು ಪುಟದಲ್ಲಿ ಅಜ್ಜನ ಹೆಸರಿದೆ, ಮಾವಂದಿರ ಹೆಸರು ಮತ್ತು ಹುದ್ದೆ ಇದೆ, ಅಜ್ಜಿಯ ಹೆಸರು ಒಂದು ಕಡೆಯೂ ಇಲ್ಲ. ಮತ್ತೊಮ್ಮೆ ತೆಗೆದು ನೋಡಿ.

“ನಮ್ಮದು ಮುಳುಗಡೆ ಕುಟುಂಬ” ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ಊರನ್ನು ಮುಳುಗಿಸಿದ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವರಿಗೆ ಮೂವತ್ತರ ಆಸುಪಾಸು, ದೊಡ್ಡ ಮಗನಿಗೆ ಹನ್ನೆರಡೋ ಹದಿಮೂರೋ. ಗದ್ದೆ, ಮನೆ, ದೇವರ ಬನ ಬಿಟ್ಟು ಕಾಡಿನ ನಡುವೆ ಹೊಸದಾಗಿ ಒಲೆ ಹೂಡಿದ ತಾಯಿ ಅವರು. ಶರಾವತಿಯ ಕರೆಂಟು ಬೆಂಗಳೂರಿಗೆ ಬಂತು. ನಾನು ಈ ಉತ್ತರ ಬರೆಯುತ್ತಿರುವ ದೀಪದಲ್ಲೂ ಅದರ ಪಾಲಿರಬಹುದು. ಬಿಟ್ಟುಬಂದವರಲ್ಲಿ ಎಷ್ಟೋ ಮಂದಿಗೆ ಕೊಟ್ಟ ಜಾಗದ ಹಕ್ಕುಪತ್ರದ ತಗಾದೆ ಇವತ್ತಿಗೂ ಮುಗಿದಿಲ್ಲ. ಹೊರಡುವಾಗ ಅಜ್ಜಿ ಏನು ಕಟ್ಟಿಕೊಂಡರು, ಏನು ಬಿಟ್ಟರು? ಸಾಧನೆ ಏನೂ ಇಲ್ಲ ಎಂದು ಬರೆಯುವ ಮುಂಚೆ ನೀವು ಇದನ್ನು ಯೋಚಿಸಬೇಕಿತ್ತು.

ನನಗೆ ತೀರಾ ಹಿಡಿಸಿದ್ದು ಬುಟ್ಟಿಯ ವಿಷಯ. ಭೂಮಿ ಹುಣ್ಣಿಮೆಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನಿಂದ ಗೆರೆ ಎಳೆಯುತ್ತಿದ್ದರು, ನಾವು ಮುಟ್ಟಿದರೆ ಕೈಮೇಲೆ ಹೊಡೆಯುತ್ತಿದ್ದರು ಎಂದಿದ್ದೀರಿ. ಆ ಹೊಡೆತ ಬರಹಕ್ಕೆ ಬರಲಿ! ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಈಗ ಪ್ರದರ್ಶನಗಳಲ್ಲಿ ಚೌಕಟ್ಟು ಹಾಕಿ ತೂಗುಹಾಕುತ್ತಾರೆ. ನಿಮ್ಮಜ್ಜಿ ಅದನ್ನು ಬರೆದದ್ದು ಮದುವೆಮನೆಯ ಗೋಡೆಗೆ, ಅಡುಗೆ, ಹಟ್ಟಿ, ಕೂಸುಗಳ ನಡುವೆ ಬಿಡುವು ಮಾಡಿಕೊಂಡು. ಹಳೆಯ ಗೋಡೆ ನೀರಿನಡಿ ಹೋಯಿತು. ಹೊಸ ಊರಿನಲ್ಲಿ ಮೊದಲ ಹಸೆ ಯಾರ ಮದುವೆಗೆ ಬರೆದರು? ಭತ್ತ ಹೊಡೆಯಾಗಿರುವಾಗ ಗದ್ದೆಯನ್ನು ಬಸುರಿಯೆಂದು ಬಗೆದು, ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಬಯಕೆ ಬಡಿಸಿಬರುವ ಹಬ್ಬ ಭೂಮಿ ಹುಣ್ಣಿಮೆ. ಆರು ಹೆತ್ತವರಿಗೆ ಆ ಅಡುಗೆ ಬರೀ ಶಾಸ್ತ್ರವಾಗಿತ್ತು ಎಂದು ನನಗನ್ನಿಸುವುದಿಲ್ಲ. ನಿಮ್ಮ ಅಮ್ಮ ಬಸುರಿಯಾಗಿದ್ದಾಗ ಏನು ಬೇಕೆಂದು ಕೇಳಿ ಏನು ಮಾಡಿ ಬಡಿಸಿದ್ದರು, ಅದನ್ನು ಅಮ್ಮನೇ ಹೇಳಬೇಕು.

“ಎಲ್ಲರನ್ನೂ ಒಂದೇ ಸಮ ಪ್ರೀತಿಸಿದರು” ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಯಾವ ಅಜ್ಜಿಯೂ ಹಾಗೆ ಮಾಡಿದ್ದಿಲ್ಲ. ಚಿಕ್ಕ ಮೊಮ್ಮಗನಿಗೆ ಒಂದು ತುತ್ತು ಹೆಚ್ಚು ಸಿಕ್ಕಿರುತ್ತದೆ, ಒಬ್ಬ ಸೊಸೆಯೊಂದಿಗೆ ವರ್ಷಗಟ್ಟಲೆ ಮಾತು ನಿಂತಿರುತ್ತದೆ. ಸೊಸೆಯಂದಿರನ್ನೂ ಕೇಳಿ, ಅವರು ನೋಡಿದ ಅತ್ತೆ ಬೇರೆಯೇ ಇರಬಹುದು. ಹೇಳಿದ್ದೆಲ್ಲ ಅಚ್ಚಾಗಬೇಕಿಲ್ಲ, ಅವರು ಒಪ್ಪಿದಷ್ಟು ಸಾಕು.

ಪುಟದ ಲೆಕ್ಕ ನಮಗೆ ಬಿಡಿ. ಅವರ ಹೆಸರು, ತವರು, ಮುಳುಗಿದ ಊರಿನ ಹೆಸರು ಸರಿಯಾಗಿ ಬರೆದು ಕಳಿಸಿ. ಮದುವೆ ಆಲ್ಬಮ್ಮಿನಲ್ಲಿ ಕತ್ತರಿಸಿ ತೆಗೆದ ಮುಖದ ಫೋಟೊ ಬೇಡ. ಬುಟ್ಟಿ ಇನ್ನೂ ಅಟ್ಟದ ಮೇಲಿದ್ದರೆ ಅದರದ್ದನ್ನೇ ಕಳಿಸಿ, ದೊಡ್ಡದಾಗಿ ಹಾಕುತ್ತೇವೆ.